ಸೀಟಿನ ಸಂಖ್ಯೆ ಪಕ್ಕಕ್ಕಿಡಿ, ಮತದ ಪಾಲು ನೋಡಿ: ಚುನಾವಣಾ ಸಮೀಕ್ಷೆ ಎಂಬ ಸರಕಿನ ವಿಮರ್ಶೆ

ಮತದಾನದ ಕೊನೆಯ ದಿನ ಸಂಜೆ ಆರೂವರೆ ದಾಟಿತೆಂದರೆ ಎಲ್ಲ ಸುದ್ದಿವಾಹಿನಿಗಳಲ್ಲೂ ಒಂದೇ ಸರಕು ಬಿಕರಿಗೆ ಬರುತ್ತದೆ. ಯಾವ ಪಕ್ಷಕ್ಕೆ ಕನಿಷ್ಠ ಎಷ್ಟು ಸೀಟು, ಗರಿಷ್ಠ ಎಷ್ಟು, ಯಾವ ಸಂಸ್ಥೆ ಏನು ಹೇಳಿತು, ಕೊನೆಗೆ ಎಲ್ಲವನ್ನೂ ಸೇರಿಸಿ ಭಾಗಿಸಿದ ‘ಪೋಲ್ ಆಫ್ ಪೋಲ್ಸ್’. ಜನಾಭಿಪ್ರಾಯ ಎಂಬುದು ನಮ್ಮ ಮನೆಗೆ ಬರುವ ಮುಖ್ಯ ರೂಪ ಈಗ ಇದೇ. ಹಾಗಾಗಿ ಉಳಿದ ಸರಕುಗಳಂತೆ ಇದನ್ನೂ ಬಿಚ್ಚಿ ನೋಡುವುದು ಒಳ್ಳೆಯದು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಇದರೊಳಗೆ ಇರುವುದು ಎರಡು ಭಾಗ. ಯಾವ ಪಕ್ಷಕ್ಕೆ ಶೇಕಡಾ ಎಷ್ಟು ಮತ ಎಂಬುದು ಜನರನ್ನು ಕೇಳಿ ಅಳೆದದ್ದು. ಎಷ್ಟು ಸೀಟು ಎಂಬುದು ಆ ಅಳತೆಯ ಮೇಲೆ ಕೂತು ಕಟ್ಟಿದ ಅಂದಾಜು. ಮೊದಲನೆಯದನ್ನು ನೆಟ್ಟಗೆ ಮಾಡಿದರೆ ಕೆಲಸಕ್ಕೆ ಬರುತ್ತದೆ. ಎರಡನೆಯದು ಮೇಲಿಂದ ಮೇಲೆ ಕೈಕೊಡುತ್ತದೆ. ವಾಹಿನಿಗಳು ದೊಡ್ಡ ಅಕ್ಷರದಲ್ಲಿ ತೋರಿಸುವುದು ಎರಡನೆಯದನ್ನು. ಮೊದಲನೆಯದು ಎಲ್ಲೋ ಮೂಲೆಯಲ್ಲಿ ಅರ್ಧ ನಿಮಿಷ ಬಂದು ಹೋಗುತ್ತದೆ, ಕೆಲವು ಸಲ ಬರುವುದೇ ಇಲ್ಲ.

ಮೂರು ನಮೂನೆ

ಒಪಿನಿಯನ್ ಪೋಲ್ ಎಂದರೆ ಮತದಾನಕ್ಕೆ ಮುಂಚೆ, ‘ಇವತ್ತೇ ಚುನಾವಣೆ ನಡೆದರೆ ಯಾರಿಗೆ ಹಾಕುತ್ತೀರಿ’ ಎಂದು ಕೇಳಿದ್ದು. ಎಕ್ಸಿಟ್ ಪೋಲ್ ಎಂದರೆ ಮತಗಟ್ಟೆಯಿಂದ ಹೊರಬಂದವರನ್ನು ದಾರಿಯಲ್ಲೇ ನಿಲ್ಲಿಸಿ ಕೇಳಿದ್ದು. ಪೋಸ್ಟ್ ಪೋಲ್ ಎಂದರೆ ಮತದಾನ ಮುಗಿದ ಮೇಲೆ, ಎಣಿಕೆಗೆ ಮುಂಚೆ, ಮನೆಗೆ ಹೋಗಿ ಕೇಳಿದ್ದು. ನಮ್ಮಲ್ಲಿ ಎಕ್ಸಿಟ್ ಪೋಲ್ ಎಂದು ಹೆಸರು ಹಚ್ಚಿಕೊಂಡು ಬರುವ ಎಷ್ಟೋ ಸಮೀಕ್ಷೆಗಳು ನಿಜದಲ್ಲಿ ಪೋಸ್ಟ್ ಪೋಲ್, ಇಲ್ಲವೇ ಎರಡರ ಕಲಬೆರಕೆ.

ಮೂರರಲ್ಲಿ ನಮ್ಮ ಓಟು ಪೋಸ್ಟ್ ಪೋಲ್‌ಗೆ. ಕಾರಣ ಮತಗಟ್ಟೆಯ ಸುತ್ತಲಿನ ನೆಲದಲ್ಲೇ ಇದೆ. ಮತಗಟ್ಟೆಯ 100 ಮೀಟರ್ ಒಳಗೆ ಪ್ರಚಾರ ನಿಷಿದ್ಧ. ಅಭ್ಯರ್ಥಿಗಳ ಕಡೆಯವರು ಚೀಟಿ ಕೊಡಲು ಮೇಜು ಹಾಕಿಕೊಂಡು ಕೂರುತ್ತಿದ್ದದ್ದು 200 ಮೀಟರ್ ಆಚೆ, 2025ರ ಬದಲಾವಣೆಯ ನಂತರ 100 ಮೀಟರ್ ಆಚೆ. ಸಮೀಕ್ಷೆಯ ಹುಡುಗ ಮತದಾರರನ್ನು ತಡೆಯುವುದು ಹೆಚ್ಚುಕಮ್ಮಿ ಅದೇ ಮೇಜುಗಳ ಆಸುಪಾಸಿನಲ್ಲಿ. ಊರಿನ ಮುಖಂಡ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುವಾಗ ‘ಯಾರಿಗೆ ಹಾಕಿದ್ರಿ ಅಕ್ಕಾ’ ಎಂದು ಕೇಳಿದರೆ ಉತ್ತರ ಆ ಕುರ್ಚಿಯನ್ನು ನೋಡಿಕೊಂಡೇ ಬರುತ್ತದೆ.

ಹೊತ್ತಿನ ತೊಡಕು ಬೇರೆ ಇದೆ. ಬೆಳಿಗ್ಗೆ ಏಳಕ್ಕೆ ಸಾಲು ಹಚ್ಚುವವರು, ಅಡುಗೆ ಮುಗಿಸಿ ಹನ್ನೊಂದಕ್ಕೆ ಬರುವವರು, ಕೂಲಿ ಮುಗಿಸಿ ಕೊನೆಯ ಗಂಟೆಯಲ್ಲಿ ಓಡಿ ಬರುವವರು ಒಂದೇ ಬಗೆಯ ಜನರಲ್ಲ. ಮಧ್ಯಾಹ್ನ ಮೂರಕ್ಕೆ ತನ್ನ ಪಾಲಿನ ಮೂವತ್ತು ಫಾರಂ ಮುಗಿಸಿ ಬಸ್ ಹತ್ತಿದ ಸಮೀಕ್ಷಕನ ಲೆಕ್ಕದಲ್ಲಿ ಸಂಜೆಯ ಸಾಲು ಇಲ್ಲವೇ ಇಲ್ಲ.

ಇನ್ನು ಸರಕು ಎಷ್ಟು ಹಳೆಯದು ಎಂಬುದನ್ನೂ ನೋಡಬೇಕು. 2024ರ ಲೋಕಸಭೆ ಚುನಾವಣೆ ಏಳು ಹಂತಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಏಪ್ರಿಲ್ 26 ಮತ್ತು ಮೇ 7ರಂದು 14–14 ಕ್ಷೇತ್ರಗಳಿಗೆ ಮತದಾನವಾಯಿತು. ಎಕ್ಸಿಟ್ ಪೋಲ್ ಹೊರಬಂದದ್ದು ಜೂನ್ 1ರ ಸಂಜೆ. ಅಂದರೆ ಮಂಡ್ಯದ್ದೋ ಮೈಸೂರಿನದ್ದೋ ಅಂಕಿ ಐದು ವಾರ ಗೋದಾಮಿನಲ್ಲಿ ಕೂತಿತ್ತು.

ಬಾಗಿಲ ಬಳಿ ನಡೆಯುವ ಕೆಲಸ

ಸಮೀಕ್ಷೆ ಒಳ್ಳೆಯದಾಗುವುದೂ ಕೆಡುವುದೂ ಮನೆಯ ಬಾಗಿಲಲ್ಲಿ. ಸ್ಟುಡಿಯೋದ ಗ್ರಾಫಿಕ್ಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಸರಿಯಾದ ಕ್ರಮ ಹೀಗೆ. ಮೊದಲು ಕ್ಷೇತ್ರಗಳನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ, ಆಮೇಲೆ ಪ್ರತಿ ಕ್ಷೇತ್ರದಲ್ಲಿ ಕೆಲವು ಮತಗಟ್ಟೆಗಳನ್ನು. ಆಮೇಲೆ ಆ ಮತಗಟ್ಟೆಯ ಮತದಾರರ ಪಟ್ಟಿ ಹಿಡಿದು ಹೆಸರು ತೆಗೆಯುತ್ತಾರೆ. ಪಟ್ಟಿಯಲ್ಲಿ 1,000 ಹೆಸರಿದೆ, 25 ಜನ ಬೇಕು ಎಂದಿಟ್ಟುಕೊಳ್ಳಿ. 1,000ವನ್ನು 25ರಿಂದ ಭಾಗಿಸಿದರೆ 40. ಒಂದರಿಂದ ನಲವತ್ತರೊಳಗೆ ಯಾವುದೋ ಒಂದು ಸಂಖ್ಯೆ, 17 ಅನ್ನಿ. ಆಗ 17, 57, 97, 137ನೇ ಹೆಸರುಗಳು ಬಂದವು. ಆ ಹೆಸರಿನವರನ್ನೇ ಹುಡುಕಬೇಕು. ಅವರು ಹೊಲಕ್ಕೆ ಹೋಗಿದ್ದರೆ ಸಂಜೆ ಮತ್ತೆ ಬರಬೇಕು. ‘ಅವರಿಲ್ಲ, ನಾನೇ ಹೇಳ್ತೀನಿ ಬರ್ಕೊಳ್ಳಿ’ ಎನ್ನುವ ಪಕ್ಕದ ಮನೆಯವರಿಗೆ ಕೈಮುಗಿದು ಮುಂದೆ ಹೋಗಬೇಕು. ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಲೋಕನೀತಿ ವಿಭಾಗ ಮಾಡುವುದು ಬಹುಮಟ್ಟಿಗೆ ಈ ಕ್ರಮದಲ್ಲೇ. ಭಾರತದಲ್ಲಿ ಮತದಾರರ ಅಧ್ಯಯನವನ್ನು ಆ ಸಂಸ್ಥೆ 1960ರ ದಶಕದಿಂದಲೂ ಮಾಡಿಕೊಂಡು ಬಂದಿದೆ.

ಅಗ್ಗದ ಕ್ರಮ ಇನ್ನೊಂದಿದೆ. ‘ಹತ್ತು ಗಂಡಸರು, ಹತ್ತು ಹೆಂಗಸರು, ಅದರಲ್ಲಿ ಐದು ಜನ ಯುವಕರು’ ಎಂದು ಕೋಟಾ ಕೊಟ್ಟು ಕಳಿಸುವುದು. ಹುಡುಗ ಬಸ್ ಸ್ಟ್ಯಾಂಡಿಗೆ, ಟೀ ಅಂಗಡಿಗೆ, ಅರಳಿಕಟ್ಟೆಗೆ ಹೋಗುತ್ತಾನೆ. ಅಲ್ಲಿ ಸಿಗುವವರು ರಾಜಕೀಯ ಮಾತಾಡಲು ಪುರುಸೊತ್ತಿದ್ದವರು, ಈಗಾಗಲೇ ಒಂದು ಪಕ್ಷ ಹಿಡಿದವರು. ಬೀಡಿ ಕಟ್ಟುವವರು, ಗಾರ್ಮೆಂಟ್ಸಿಗೆ ಹೋಗುವವರು, ಮೇಸ್ತ್ರಿ ಜೊತೆ ಕೆಲಸಕ್ಕೆ ಹೋದವರು ಅಲ್ಲಿರುವುದಿಲ್ಲ.

ಹೆಸರು ಸಿಕ್ಕಿತು, ಬಾಗಿಲು ತೆರೆಯಿತು. ಮುಂದಿನ ಪ್ರಶ್ನೆ ಮನೆಯವರದ್ದು: ‘ನೀವು ಯಾವ ಪಾರ್ಟಿಯೋರು?’ ಅದಾದ ಮೇಲೆ, ‘ನಮ್ ಯಜಮಾನ್ರನ್ನೇ ಕೇಳ್ರಿ, ನಮಗೇನ್ ಗೊತ್ತಾಗ್ತದ?’ ಅಷ್ಟರಲ್ಲಿ ಯಜಮಾನರು ಹೊರಗೆ ಬಂದು ಇಬ್ಬರ ಪರವಾಗಿಯೂ ಉತ್ತರ ಹೇಳಲು ಶುರುಮಾಡಿರುತ್ತಾರೆ. ಮಹಿಳೆಯರ ಮತ ಗಂಡಸರ ಮತದಿಂದ ಬೇರೆಯಾಗಿ ಹರಿಯುವ ಚುನಾವಣೆಗಳಲ್ಲಿ ಸಮೀಕ್ಷೆ ಎಡವುವುದು ಇಲ್ಲಿ. ಸರ್ಕಾರದ ಹಣ ಖಾತೆಗೆ ಬರುವ ಮನೆಗಳಲ್ಲಿ ಇನ್ನೊಂದು ಅಂಜಿಕೆ ಸೇರಿಕೊಳ್ಳುತ್ತದೆ: ಬೇರೆ ಪಕ್ಷದ ಹೆಸರು ಹೇಳಿದರೆ ದುಡ್ಡು ನಿಲ್ಲಿಸಿಬಿಟ್ಟರೆ?

ಇದಕ್ಕೆ ಇರುವ ಮದ್ದು ಸರಳ, ಆದರೂ ಕೆಲವೇ ಸಂಸ್ಥೆಗಳು ಬಳಸುತ್ತವೆ. ‘ಯಾರಿಗೆ ಹಾಕಿದಿರಿ’ ಎಂದು ಬಾಯಲ್ಲಿ ಕೇಳುವುದೇ ಇಲ್ಲ. ಪಕ್ಷಗಳ ಚಿಹ್ನೆ ಮುದ್ರಿಸಿದ ನಕಲಿ ಮತಪತ್ರವೊಂದನ್ನು ಕೈಗೆ ಕೊಡುತ್ತಾರೆ. ಸಮೀಕ್ಷಕ ಮುಖ ಆಚೆ ತಿರುಗಿಸುತ್ತಾನೆ. ಅವರು ಗುರುತು ಹಾಕಿ, ಮಡಚಿ, ಜೊತೆಗೆ ತಂದ ಡಬ್ಬಿಗೋ ಚೀಲಕ್ಕೋ ಹಾಕುತ್ತಾರೆ. ಮತಪತ್ರದ ಹಿಂದೆ ಇರುವ ಸಂಖ್ಯೆಯಿಂದ ಅದನ್ನು ಆಮೇಲೆ ಉಳಿದ ಉತ್ತರಗಳ ಜೊತೆ ಜೋಡಿಸಿಕೊಳ್ಳುತ್ತಾರೆ. ಒಂದು ಕಾಗದ, ಒಂದು ಡಬ್ಬಿ, ಎರಡು ನಿಮಿಷ ಹೆಚ್ಚು. ಪಕ್ಕದಲ್ಲಿ ಅತ್ತೆ ಕೂತಿದ್ದರೂ, ಜಗುಲಿಯಲ್ಲಿ ಪಂಚಾಯ್ತಿ ಮೆಂಬರ್ ಕೂತಿದ್ದರೂ ಉತ್ತರ ಹಾಳಾಗುವುದಿಲ್ಲ. ಸಮೀಕ್ಷೆಯೊಂದು ‘ಸೀಕ್ರೆಟ್ ಬ್ಯಾಲಟ್ ವಿಧಾನ ಬಳಸಿದ್ದೇವೆ’ ಎಂದು ಹೇಳಿಕೊಂಡಿದ್ದರೆ ಅದಕ್ಕೆ ಒಂದು ಅಂಕ ಧಾರಾಳವಾಗಿ ಕೊಡಿ.

ಫೋನಿನಲ್ಲಿ ನಡೆಯುವ ಸಮೀಕ್ಷೆಗಳಿಗೆ, ಅದರಲ್ಲೂ ‘ಕಾಂಗ್ರೆಸ್‌ಗಾದರೆ ಒಂದು ಒತ್ತಿ’ ಎನ್ನುವ ರೆಕಾರ್ಡೆಡ್ ಕರೆಗಳಿಗೆ, ನಮ್ಮ ಅಂಕ ಕಡಿಮೆ. ಎತ್ತುವವರು ಯಾರು, ಇಡುವವರು ಯಾರು, ಮಕ್ಕಳು ಒತ್ತಿದರೇ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಕಳ್ಳತನವೂ ಇದೆ. ದಿನಕ್ಕೆ ಇಷ್ಟು ಫಾರಂ ಎಂದು ಲೆಕ್ಕ ಹಾಕಿ ದುಡ್ಡು ಕೊಡುವ ಕಡೆ, ಮರದ ನೆರಳಲ್ಲಿ ಕೂತು ಎಲ್ಲ ಫಾರಂಗಳನ್ನು ತಾವೇ ತುಂಬಿಬಿಡುವುದು ಹೊಸತಲ್ಲ. ಈಗ ಟ್ಯಾಬ್ ಬಂದ ಮೇಲೆ ಹಿಡಿಯುವುದು ಸುಲಭ: ಪ್ರತಿ ಸಂದರ್ಶನದ ಜಿಪಿಎಸ್ ಗುರುತು, ಶುರುವಾದ ಮತ್ತು ಮುಗಿದ ಹೊತ್ತು, ನಡುವೆ ಕೆಲವು ಸೆಕೆಂಡ್ ಧ್ವನಿಮುದ್ರಣ. ಇಪ್ಪತ್ತು ನಿಮಿಷ ಹಿಡಿಯುವ ಪ್ರಶ್ನಾವಳಿ ನಾಲ್ಕು ನಿಮಿಷಕ್ಕೆ ಮುಗಿದಿದ್ದರೆ, ಹದಿನೈದು ಸಂದರ್ಶನ ಒಂದೇ ಜಾಗದಿಂದ ಬಂದಿದ್ದರೆ, ಅವನ್ನು ಎತ್ತಿ ಬಿಸಾಕಬೇಕು. ಹೀಗೆ ಬಿಸಾಕಿದ್ದು ಎಷ್ಟು ಎಂದು ಹೇಳುವ ಸಂಸ್ಥೆಯನ್ನು ಹೆಚ್ಚು ನಂಬಬಹುದು.

ಸ್ಯಾಂಪಲ್ ದೊಡ್ಡದಾದರೆ ಸಾಕೆ?

ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎಂಬುದು ಸಮೀಕ್ಷೆಯವರ ನೆಚ್ಚಿನ ಮಾತು. ಆದರೆ ಇಡೀ ಪಾತ್ರೆಗೆ ಒಂದೇ ಉರಿ ಸಿಕ್ಕಿದ್ದರೆ ಮಾತ್ರ ಅದು ನಿಜ. ಕರ್ನಾಟಕಕ್ಕೆ ಹಾಗೆ ಒಂದೇ ಉರಿ ಇಲ್ಲ.

ಅಂಕಗಣಿತ ಇಷ್ಟೇ. ಸರಿಯಾಗಿ ಚೀಟಿ ಎತ್ತಿ ಆರಿಸಿದ 400 ಜನರನ್ನು ಕೇಳಿದರೆ ಉತ್ತರ ಶೇಕಡಾ 5ರಷ್ಟು ಆಚೀಚೆ ಇರಬಹುದು. 1,000 ಜನರಿಗೆ ಶೇಕಡಾ 3. 2,400ಕ್ಕೆ 2. ಅದನ್ನು ಒಂದಕ್ಕೆ ಇಳಿಸಬೇಕೆಂದರೆ ಹತ್ತಿರ ಹತ್ತಿರ 10,000 ಜನ ಬೇಕು. ಆದರೆ ಒಂದೇ ಮತಗಟ್ಟೆಯ 25 ಜನ ಒಂದೇ ಕೇರಿಯವರು, ಒಂದೇ ಜಾತಿಯವರು, ಒಂದೇ ಮುಖಂಡನ ಮಾತು ಕೇಳುವವರು ಆಗಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ನಿಜವಾದ ತಪ್ಪಿನ ಅಂತರ ಪುಸ್ತಕದ ಲೆಕ್ಕಕ್ಕಿಂತ ದೊಡ್ಡದು. ಅದೇ ದುಡ್ಡಿನಲ್ಲಿ 40 ಮತಗಟ್ಟೆಗಳಲ್ಲಿ 50–50 ಜನರನ್ನು ಕೇಳುವುದಕ್ಕಿಂತ 100 ಮತಗಟ್ಟೆಗಳಲ್ಲಿ 20–20 ಜನರನ್ನು ಕೇಳುವುದು ಮೇಲು. ಬಸ್ ಚಾರ್ಜು ಹೆಚ್ಚಾಗುತ್ತದೆ ಎಂದು ಮೊದಲನೆಯದನ್ನು ಆರಿಸುವವರೇ ಜಾಸ್ತಿ.

ಇನ್ನೊಂದು ಹುಷಾರು: ತಪ್ಪಿನ ಅಂತರ ಶೇಕಡಾ 3 ಎಂದರೆ ಅದು ಒಂದೊಂದು ಪಕ್ಷದ ಅಂಕಿಗೆ. ಎರಡು ಪಕ್ಷಗಳ ನಡುವಿನ ವ್ಯತ್ಯಾಸಕ್ಕೆ ಅದು ಸುಮಾರು ಎರಡರಷ್ಟಾಗುತ್ತದೆ. ಹಾಗಾಗಿ 1,000 ಜನರ ಸಮೀಕ್ಷೆಯಲ್ಲಿ ‘ಎರಡು ಅಂಶ ಮುನ್ನಡೆ’ ಎಂದರೆ ಯಾರೂ ಮುಂದಿಲ್ಲ ಎಂದೇ ಓದಿಕೊಳ್ಳಬೇಕು.

‘224 ಕ್ಷೇತ್ರಗಳಲ್ಲೂ ಸಮೀಕ್ಷೆ, 22,400 ಸ್ಯಾಂಪಲ್’ ಎಂಬ ಜಾಹೀರಾತು ಬಂದರೆ ಒಮ್ಮೆ ಭಾಗಿಸಿ ನೋಡಿ. ಕ್ಷೇತ್ರಕ್ಕೆ 100 ಜನ. ಅಲ್ಲಿಗೆ ಒಂದು ಕ್ಷೇತ್ರದ ಅಂಕಿ ಶೇಕಡಾ 10ರಷ್ಟು ಆಚೀಚೆ. ಇಡೀ ರಾಜ್ಯದ ಮತಪಾಲಿಗೆ ಅದು ಚೆನ್ನಾದ ಸ್ಯಾಂಪಲ್, ನಿಮ್ಮ ಕ್ಷೇತ್ರದಲ್ಲಿ ಯಾರು ಗೆಲ್ಲುತ್ತಾರೆ ಎನ್ನಲು ಏನೇನೂ ಸಾಲದು. 2023ರಲ್ಲಿ ಜಯನಗರ ತೀರ್ಮಾನವಾದದ್ದು 16 ಮತಗಳಲ್ಲಿ, ಗಾಂಧಿನಗರ 105ರಲ್ಲಿ, ಶೃಂಗೇರಿ 201ರಲ್ಲಿ. 2004ರಲ್ಲಿ ಸಂತೇಮರಹಳ್ಳಿಯ ಗೆಲುವು ಒಂದೇ ಒಂದು ಮತದ್ದು. ಇಂಥದ್ದನ್ನು ಹಿಡಿಯುವ ಸಮೀಕ್ಷೆ ಭೂಮಿಯ ಮೇಲಿಲ್ಲ.

ಬರೀ ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಉದಾಹರಣೆ ಹಳೆಯದಾದರೂ ಮಾಸಿಲ್ಲ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿತು, 20 ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಅವರ ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಫೋನು, ಕಾರು ಇದ್ದವರ ಪಟ್ಟಿಯಿಂದ ವಿಳಾಸ ತೆಗೆದದ್ದು, ಸಿಟ್ಟಿದ್ದವರೇ ಹೆಚ್ಚಾಗಿ ಕಾರ್ಡು ತುಂಬಿ ಕಳಿಸಿದ್ದು ಎಡವಟ್ಟಾಯಿತು. ಅದಕ್ಕಿಂತ ಎಷ್ಟೋ ಸಣ್ಣ ಸ್ಯಾಂಪಲ್ ಇಟ್ಟುಕೊಂಡು ಸಮೀಕ್ಷಕ ಜಾರ್ಜ್ ಗ್ಯಾಲಪ್ ಸರಿಯಾಗಿ ಹೇಳಿದ್ದರು. ನಮ್ಮಲ್ಲಿ 2024ರಲ್ಲಿ ಐದು ಲಕ್ಷಕ್ಕೂ ಮಿಕ್ಕಿದ ಸ್ಯಾಂಪಲ್ ಎಂದು ಹೇಳಿಕೊಂಡ ಸಮೀಕ್ಷೆಯ ಗತಿ ಏನಾಯಿತು ಎಂಬುದು ಮುಂದೆ ಬರುತ್ತದೆ.

ಅಳತೆಯಾದ ಮೇಲೆ ತೂಕ ಸರಿಪಡಿಸುವುದು ಬಾಕಿ. ಸ್ಯಾಂಪಲಿನಲ್ಲಿ ಮಹಿಳೆಯರು ಕಡಿಮೆ ಸಿಕ್ಕಿದ್ದರೆ ಅವರ ಉತ್ತರಕ್ಕೆ ಹೆಚ್ಚು ತೂಕ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ ಶೇಕಡಾ 17.15, ಪರಿಶಿಷ್ಟ ಪಂಗಡ 6.95. ಅಲ್ಲಿಯವರೆಗೆ ಹಾದಿ ನೇರ. ಲಿಂಗಾಯತರು ಎಷ್ಟು, ಒಕ್ಕಲಿಗರು ಎಷ್ಟು, ಕುರುಬರು ಎಷ್ಟು ಎಂದು ಬಂದಾಗ ಜನಗಣತಿಯಲ್ಲಿ ಅಂಕಿಯೇ ಇಲ್ಲ. ರಾಜ್ಯದ 2015ರ ಜಾತಿವಾರು ಸಮೀಕ್ಷೆಯ ಅಂಕಿಗಳ ಮೇಲೆ ಜಗಳವೇ ಎದ್ದಿತು. ಹೀಗಾಗಿ ಒಂದೊಂದು ಸಂಸ್ಥೆ ಒಂದೊಂದು ಅಂದಾಜು ಇಟ್ಟುಕೊಂಡು ತೂಕ ಹಾಕುತ್ತದೆ. ಒಂದೇ ಬಗೆಯ ಉತ್ತರಗಳಿಂದ ಎರಡು ಸಂಸ್ಥೆಗಳು ಬೇರೆ ಬೇರೆ ಫಲಿತಾಂಶ ತೆಗೆಯಲು ಇಷ್ಟು ಸಾಕು.

ಮತ ಸೀಟಾಗುವಲ್ಲಿ ಆಗುವ ಎಡವಟ್ಟು

2018ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಶೇಕಡಾ 38ರಷ್ಟು ಮತ, ಬಿಜೆಪಿಗೆ 36ಕ್ಕಿಂತ ತುಸು ಹೆಚ್ಚು, ಜೆಡಿಎಸ್‌ಗೆ 18 ಚಿಲ್ಲರೆ. ಮತದಾನ ನಡೆದ 222 ಕ್ಷೇತ್ರಗಳಲ್ಲಿ ಸೀಟು ಬಂದದ್ದು ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಹೆಚ್ಚು ಮತ ಪಡೆದವರಿಗೆ 26 ಸೀಟು ಕಡಿಮೆ. ಬಿಜೆಪಿಯ ಮತ ಕೆಲವು ಕಡೆ ಗುಡ್ಡೆಯಾಗಿ ಬಿದ್ದಿತ್ತು: ಉಡುಪಿಯ ಐದಕ್ಕೆ ಐದು, ದಕ್ಷಿಣ ಕನ್ನಡದ ಎಂಟರಲ್ಲಿ ಏಳು. ಜೆಡಿಎಸ್‌ದು ಹಳೇ ಮೈಸೂರಿನಲ್ಲಿ ಗುಡ್ಡೆ: ಮಂಡ್ಯದ ಏಳಕ್ಕೆ ಏಳು. ಕಾಂಗ್ರೆಸ್ಸಿನ ಮತ ರಾಜ್ಯದ ತುಂಬ ಹರಡಿಕೊಂಡಿತ್ತು, ಬಹಳಷ್ಟು ಕಡೆ ಎರಡನೇ ಸ್ಥಾನಕ್ಕೆ ಬರಲು ಸಾಕಾಗುವಷ್ಟು.

ಐದು ವರ್ಷ ಬಿಟ್ಟು ನೋಡಿ. 2023ರಲ್ಲಿ ಬಿಜೆಪಿಯ ಮತ ಶೇಕಡಾ 36ರಲ್ಲೇ ಇತ್ತು, ಹೆಚ್ಚುಕಮ್ಮಿ ಅಲುಗಾಡಲಿಲ್ಲ. ಸೀಟು ಮಾತ್ರ 104ರಿಂದ 66ಕ್ಕೆ ಇಳಿಯಿತು. ಜೆಡಿಎಸ್ 18ರಿಂದ 13ಕ್ಕೆ ಕುಸಿದು, ಕಾಂಗ್ರೆಸ್ ಸುಮಾರು 43ಕ್ಕೆ ಏರಿ 135 ಸೀಟು ಹಿಡಿಯಿತು. ತನ್ನ ಮತ ಕಳೆದುಕೊಳ್ಳದ ಪಕ್ಷವೂ ಸೋಲುತ್ತದೆ, ಎದುರಿನ ಮತ ಒಂದು ಕಡೆ ಸೇರಿದರೆ ಸಾಕು. ಚುನಾವಣಾ ವಿಶ್ಲೇಷಕರಾದ ಪ್ರಣಯ್ ರಾಯ್, ಅಶೋಕ್ ಲಾಹಿರಿ, ಡೇವಿಡ್ ಬಟ್ಲರ್ 1980ರ ದಶಕದಲ್ಲಿ ಬಳಕೆಗೆ ತಂದ ‘ಪ್ರತಿಪಕ್ಷ ಏಕತೆಯ ಸೂಚ್ಯಂಕ’ ಅಳೆಯುವುದು ಇದನ್ನೇ: ವಿರೋಧಿಗಳ ಒಟ್ಟು ಮತದಲ್ಲಿ ಅವರ ಪೈಕಿ ದೊಡ್ಡ ಪಕ್ಷದ ಪಾಲು ಎಷ್ಟು.

ರಾಷ್ಟ್ರಮಟ್ಟದಲ್ಲೂ ಇದೇ ಕಥೆ. ಬಿಜೆಪಿಯ ಮತ 2019ರಲ್ಲಿ ಶೇಕಡಾ 37.4, 2024ರಲ್ಲಿ 36.6. ಒಂದು ಅಂಶವೂ ಇಳಿಯಲಿಲ್ಲ, ಸೀಟು 303ರಿಂದ 240ಕ್ಕೆ ಬಂತು. ಮತಪಾಲನ್ನು ಒಂದೆರಡು ಅಂಶದ ಒಳಗೆ ಹಿಡಿಯುವುದೇ ಅತ್ಯುತ್ತಮ ಸಮೀಕ್ಷೆಯ ಮಿತಿಯಾಗಿರುವಾಗ, ಒಂದು ಅಂಶಕ್ಕೆ ಅರವತ್ತು ಸೀಟು ಅಲುಗುವ ಆಟದಲ್ಲಿ ಸೀಟು ಹೇಳುವುದು ಧೈರ್ಯದ ಕೆಲಸವೇ ಸರಿ.

ಸಂಸ್ಥೆಗಳು ಸಾಮಾನ್ಯವಾಗಿ ಮಾಡುವುದು ಇಷ್ಟು: ಹಿಂದಿನ ಚುನಾವಣೆಯ ಕ್ಷೇತ್ರವಾರು ಫಲಿತಾಂಶ ತೆಗೆದುಕೊಂಡು, ಪ್ರದೇಶವಾರು ಮತ ಎಷ್ಟು ವಾಲಿದೆಯೋ ಅಷ್ಟನ್ನು ಅದಕ್ಕೆ ಕೂಡಿ ಕಳೆದು, ಗೆದ್ದವರನ್ನು ಎಣಿಸುವುದು. ಮೈತ್ರಿ ಬದಲಾದರೆ, ಬಂಡಾಯ ಅಭ್ಯರ್ಥಿ ನಿಂತರೆ ಈ ಲೆಕ್ಕ ಉಲ್ಟಾ ಹೊಡೆಯುತ್ತದೆ. 2024ರಲ್ಲಿ ಬಿಜೆಪಿ, ಜೆಡಿಎಸ್ ಕೂಡಿ ನಿಂತಾಗ ಎರಡೂ ಪಕ್ಷಗಳ ಹಳೆಯ ಮತವನ್ನು ಸುಮ್ಮನೆ ಕೂಡಿಸಿದವರು ಮೇಲೆ ಹೋದರು. ಕೂಡಿಸುವಾಗ ಸೋರಿಕೆಗೂ ಜಾಗ ಬಿಡಬೇಕು.

ಬಾಳಿಕೆಯ ದಾಖಲೆ

2004ರಲ್ಲಿ ಎಕ್ಸಿಟ್ ಪೋಲ್‌ಗಳು ಬಿಜೆಪಿ ನೇತೃತ್ವದ ಎನ್‌ಡಿಎ ಮೈತ್ರಿಕೂಟಕ್ಕೆ ಬಹುಮತ, ಇಲ್ಲವೇ ಅದರ ಹತ್ತಿರ ಎಂದಿದ್ದವು. 190 ಕೂಡ ದಾಟಲಿಲ್ಲ. 2014ರಲ್ಲಿ ಚಾಣಕ್ಯ ಸಂಸ್ಥೆ ಎನ್‌ಡಿಎಗೆ 340 ಎಂದಿತು, ಬಂದದ್ದು 336. 2019ರಲ್ಲಿ ಆಕ್ಸಿಸ್ ಮೈ ಇಂಡಿಯಾ 339ರಿಂದ 365 ಎಂದಿತು, ಬಂದದ್ದು 353ರ ಆಸುಪಾಸು. ಇಷ್ಟು ಚೆನ್ನಾಗಿ ಹೇಳಿದ ಅದೇ ಎರಡು ಸಂಸ್ಥೆಗಳು 2024ರಲ್ಲಿ ಕ್ರಮವಾಗಿ 400ರ ಸುತ್ತಮುತ್ತ, 361ರಿಂದ 401 ಎಂದವು. ಬಂದದ್ದು 293. ಆಕ್ಸಿಸ್ ಉತ್ತರ ಪ್ರದೇಶದಲ್ಲಿ ಎನ್‌ಡಿಎಗೆ 67–72 ಎಂದಿತ್ತು, ಸಿಕ್ಕಿದ್ದು 36. ಬಂಗಾಳದಲ್ಲಿ ಬಿಜೆಪಿಗೆ 26–31 ಎಂದಿತ್ತು, ಸಿಕ್ಕಿದ್ದು 12. ಒಂದು ಸಲ ಸರಿಯಾದ ಸಂಸ್ಥೆ ಮುಂದಿನ ಸಲವೂ ಸರಿಯಾಗುತ್ತದೆ ಎಂಬ ಖಾತರಿ ಈ ಸರಕಿಗೆ ಇಲ್ಲ.

2024ರ ಸಾಲಿನಲ್ಲಿ ಕಣ್ಣಿಗೆ ಹೊಡೆಯುವುದು ಇನ್ನೊಂದು: ಬಹುತೇಕ ಎಲ್ಲರೂ ಒಂದೇ ದಿಕ್ಕಿಗೆ ತಪ್ಪಿದರು. ಬೇರೆ ಬೇರೆಯಾಗಿ ಅಳೆದವರ ತಪ್ಪುಗಳು ಒಬ್ಬರದು ಮೇಲೆ ಒಬ್ಬರದು ಕೆಳಗೆ ಇರಬೇಕು. ಎಲ್ಲವೂ ಒಂದೇ ಕಡೆ ವಾಲಿದರೆ, ಬಾಯಿ ಬಿಡದ ಮತದಾರರನ್ನು ಎಲ್ಲರೂ ಒಟ್ಟಿಗೆ ಕಳೆದುಕೊಂಡಿದ್ದಾರೆ, ಅಥವಾ ಒಬ್ಬರ ಅಂಕಿ ನೋಡಿ ಇನ್ನೊಬ್ಬರು ತಮ್ಮದನ್ನು ತಿದ್ದಿಕೊಂಡಿದ್ದಾರೆ. ‘ಪೋಲ್ ಆಫ್ ಪೋಲ್ಸ್’ ಇಂಥಲ್ಲಿ ಯಾವ ಕೆಲಸಕ್ಕೂ ಬಾರದು.

ಅದರ ಬೆಲೆ ತೆತ್ತವರೂ ಇದ್ದಾರೆ. ಎಕ್ಸಿಟ್ ಪೋಲ್ ನಂಬಿ ಜೂನ್ 3ರಂದು ಷೇರುಪೇಟೆಯ ಸೆನ್ಸೆಕ್ಸ್ 76,468ಕ್ಕೆ ಏರಿತು, ಎಣಿಕೆಯ ದಿನ 72,079ಕ್ಕೆ ಬಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಹರಿಯಾಣಕ್ಕೆ ಬಹುತೇಕ ಎಲ್ಲ ಸಮೀಕ್ಷೆಗಳೂ ಕಾಂಗ್ರೆಸ್ ಎಂದವು. ಬಿಜೆಪಿ 48, ಕಾಂಗ್ರೆಸ್ 37 ಬಂತು, ಮತದ ವ್ಯತ್ಯಾಸ ಶೇಕಡಾ ಒಂದಕ್ಕಿಂತಲೂ ಕಡಿಮೆ.

ಕರ್ನಾಟಕ 2023 ಮಾತ್ರ ಈ ಉದ್ಯಮ ಎದೆತಟ್ಟಿಕೊಳ್ಳಬಹುದಾದ ಚುನಾವಣೆ. ಆಕ್ಸಿಸ್ ಕಾಂಗ್ರೆಸ್‌ಗೆ 122–140 ಎಂದಿತು. ಅದಕ್ಕಿಂತ ಮೆಚ್ಚಬೇಕಾದದ್ದು ಕನ್ನಡದ್ದೇ ಆದ ‘ಈದಿನ’ ಸುದ್ದಿತಾಣದ ಚುನಾವಣಾ ಪೂರ್ವ ಸಮೀಕ್ಷೆ. ಮತದಾನಕ್ಕೆ ವಾರಗಳ ಮುಂಚೆಯೇ ಕಾಂಗ್ರೆಸ್‌ಗೆ 132–140, ಬಿಜೆಪಿಗೆ 57–65, ಜೆಡಿಎಸ್‌ಗೆ 19–25 ಎಂದು ಹೇಳಿತ್ತು. 204 ಕ್ಷೇತ್ರಗಳಲ್ಲಿ 41,169 ಜನರನ್ನು ಮನೆ ಬಾಗಿಲಲ್ಲೇ ಕೇಳಿ ತೆಗೆದ ಅಂಕಿ ಅದು. ದೊಡ್ಡ ವಾಹಿನಿಗಳು ಆಗ ಅದನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ.

ಯಾರೂ ತೋರಿಸದ ಒಳ್ಳೆಯ ಭಾಗ

ಸಮೀಕ್ಷೆಯ ನಿಜವಾದ ಬೆಲೆ ಇರುವುದು ಯಾರು ಗೆಲ್ಲುತ್ತಾರೆ ಎಂಬಲ್ಲಿ ಅಲ್ಲ, ಜನ ಯಾವುದರ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ ಎಂಬಲ್ಲಿ. 2023ರಲ್ಲಿ ವೇದಿಕೆಗಳ ಮೇಲೆ ಹಿಜಾಬ್, ಹಲಾಲ್, ಟಿಪ್ಪು ಎಂದು ಗದ್ದಲ ಎದ್ದಿದ್ದಾಗ, ಲೋಕನೀತಿಯ ಸಮೀಕ್ಷೆಯಲ್ಲಿ ಮೊದಲೆರಡು ಸ್ಥಾನ ಪಡೆದದ್ದು ನಿರುದ್ಯೋಗ ಮತ್ತು ಬಡತನ. ಎರಡು ಚುನಾವಣೆಗಳ ನಡುವೆ, ಮೈಕು ಇಲ್ಲದವರ ಮಾತು ಪಕ್ಷಗಳ ಕಿವಿಗೆ ಬೀಳುವ ದಾರಿಗಳು ಕಡಿಮೆ. ಗ್ರಾಮಸಭೆ ಇದೆ, ಪ್ರತಿಭಟನೆ ಇದೆ, ಇದೂ ಒಂದು.

ಇಲ್ಲಿ ಕೆಡುವುದು ಪ್ರಶ್ನೆಯ ಮಾತಿನಿಂದ. ‘ಗ್ಯಾರಂಟಿಗಳಿಂದ ಬೊಕ್ಕಸ ಬರಿದಾಗುತ್ತಿದೆ ಎನ್ನುತ್ತಾರೆ, ನೀವು ಒಪ್ಪುತ್ತೀರಾ?’ ಎಂದು ಕೇಳಿದರೆ ಒಂದು ಉತ್ತರ. ‘ಗೃಹಲಕ್ಷ್ಮಿಯ 2,000 ರೂಪಾಯಿ ನಿಮ್ಮ ಮನೆಗೆ ಬರುತ್ತಿದೆಯಾ? ಮುಂದುವರಿಯಬೇಕಾ?’ ಎಂದು ಕೇಳಿದರೆ ಇನ್ನೊಂದು. ಎರಡೂ ‘ಜನಾಭಿಪ್ರಾಯ’ ಎಂದೇ ಅಚ್ಚಾಗುತ್ತವೆ. ‘ಒಪ್ಪುತ್ತೀರಾ’ ಎಂಬ ಪ್ರಶ್ನೆಗೆ ಬಾಗಿಲಿಗೆ ಬಂದವರ ಮನಸ್ಸು ನೋಯಿಸಬಾರದೆಂದು ‘ಹೌದು ಸಾರ್’ ಎನ್ನುವವರು ಬಹಳ. ಸರಿಯಾದ ಪ್ರಶ್ನಾವಳಿ ಮೊದಲು ಪಟ್ಟಿ ಕೊಡದೆ ಕೇಳುತ್ತದೆ: ‘ಈ ಸಲ ಓಟು ಹಾಕುವಾಗ ನಿಮಗೆ ಮುಖ್ಯ ಅನ್ನಿಸುವ ವಿಷಯ ಯಾವುದು?’ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಪಟ್ಟಿಯನ್ನು ಆಮೇಲೆ ಓದುತ್ತದೆ. ಫಲಿತಾಂಶದ ಜೊತೆ ಪ್ರಶ್ನೆಯ ಪೂರ್ತಿ ಪಾಠ ಕೊಡದ ಸಮೀಕ್ಷೆಯ ಉತ್ತರಕ್ಕೆ ಬೆಲೆ ಇಲ್ಲ.

ಪಕ್ಷಗಳು ತಮಗಾಗಿ ಮಾಡಿಸುವ ‘ಇಂಟರ್ನಲ್ ಸರ್ವೆ’ಗಳನ್ನು ಹೊರಗಿನವರು ಪರೀಕ್ಷಿಸಲು ಬರುವುದಿಲ್ಲ. ಟಿಕೆಟ್ ಹಂಚಿಕೆಯಲ್ಲಿ ಅವುಗಳ ಕೆಲಸ ದೊಡ್ಡದು, ಪ್ರಾಮಾಣಿಕತೆ ಅನುಮಾನದ್ದು. ಟಿಕೆಟ್ ತಪ್ಪಿದವರಿಗೆ ಹೈಕಮಾಂಡ್ ಕೊಡುವ ಉತ್ತರ ‘ಸರ್ವೆಯಲ್ಲಿ ನಿಮ್ಮ ಹೆಸರು ಬರಲಿಲ್ಲ’. ಆ ಸರ್ವೆಯನ್ನು ಕಂಡವರು ಯಾರೂ ಇಲ್ಲ. ಪತ್ರಿಕೆಗೆ ಸೋರಿ ಬರುವ ಇಂಟರ್ನಲ್ ಸರ್ವೆಯನ್ನಂತೂ ಪ್ರಚಾರದ ಕರಪತ್ರ ಎಂದೇ ಓದಿ. ದುಡ್ಡು ಕೊಟ್ಟರೆ ಅಂಕಿ ತಿರುಚಿ ಕೊಡಲು ಸಿದ್ಧರಿದ್ದ ಸಮೀಕ್ಷಾ ಸಂಸ್ಥೆಗಳನ್ನು 2014ರಲ್ಲಿ ಒಂದು ಸುದ್ದಿವಾಹಿನಿಯ ಕುಟುಕು ಕಾರ್ಯಾಚರಣೆ ತೋರಿಸಿದ್ದೂ ಉಂಟು.

ಲೇಬಲ್ ಮತ್ತು ಕಾನೂನು

ಪತ್ರಿಕೆಗಳು ಸಮೀಕ್ಷೆ ಪ್ರಕಟಿಸುವಾಗ ಯಾರು ಮಾಡಿದರು, ಯಾರು ಮಾಡಿಸಿದರು, ಸ್ಯಾಂಪಲ್ ಎಷ್ಟು, ಹೇಗೆ ಆರಿಸಿದರು, ತಪ್ಪಿನ ಅಂತರ ಎಷ್ಟು ಎಂದು ಹೇಳಬೇಕೆಂಬುದು ಭಾರತೀಯ ಪತ್ರಿಕಾ ಮಂಡಳಿಯ ಮಾರ್ಗಸೂಚಿ. ಟಿವಿಯಲ್ಲಿ ಇದರಲ್ಲಿ ಅರ್ಧ ಸಿಕ್ಕರೆ ಹೆಚ್ಚು. ಯಾರ ದುಡ್ಡು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ.

ಜನಪ್ರತಿನಿಧಿ ಕಾಯ್ದೆ 1951ರ ಸೆಕ್ಷನ್ 126ಎ ಪ್ರಕಾರ, ಮೊದಲ ಹಂತದ ಮತದಾನ ಶುರುವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯವರೆಗೆ ಎಕ್ಸಿಟ್ ಪೋಲ್ ನಡೆಸುವುದೂ ಪ್ರಕಟಿಸುವುದೂ ಅಪರಾಧ. ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಟಿವಿಯಂಥ ಮಾಧ್ಯಮಗಳಲ್ಲಿ ಒಪಿನಿಯನ್ ಪೋಲ್‌ಗೆ ಮತದಾನ ಮುಗಿಯುವ ಮುಂಚಿನ 48 ಗಂಟೆ ತಡೆ ಇದೆ. ಎರಡನೇ ಹಂತದ ಹೊತ್ತಿಗೆ ವಾಟ್ಸಾಪಿನಲ್ಲಿ ‘ಮೊದಲ ಹಂತದ ಎಕ್ಸಿಟ್ ಪೋಲ್’ ಎಂದು ಬಂದದ್ದು ಸುಳ್ಳಾಗಿದ್ದರೂ ನಿಜವಾಗಿದ್ದರೂ ಮುಂದಕ್ಕೆ ಕಳಿಸಬಾರದ ಸಾಮಗ್ರಿ.

ಬಳಸುವ ಬಗೆ

ಸಮೀಕ್ಷೆ ಬಂದ ಸಂಜೆ ಸೀಟಿನ ಬದಲು ಮತಪಾಲನ್ನು ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಪ್ರದೇಶವಾರು: ಹಳೇ ಮೈಸೂರು, ಕಿತ್ತೂರು, ಕಲ್ಯಾಣ, ಮಧ್ಯ, ಕರಾವಳಿ, ಬೆಂಗಳೂರು. ಸೀಟಿನ ಅಂಕಿ ‘80ರಿಂದ 115’ ಎಂದು ಅಗಲವಾಗಿದ್ದರೆ ಹೇಳುವವರಿಗೇ ಗೊತ್ತಿಲ್ಲ, ‘97’ ಎಂದು ಒಂದೇ ಸಂಖ್ಯೆ ಇದ್ದರೆ ಗೊತ್ತಿಲ್ಲ ಎಂಬುದೂ ಗೊತ್ತಿಲ್ಲ.

ಎಣಿಕೆಯ ದಿನ ಎಂಟು ಗಂಟೆಗೆ ಅಂಚೆ ಮತ, ಎಂಟೂವರೆಯಿಂದ ಇವಿಎಂ. ಸಾಮಾನ್ಯವಾಗಿ ಒಂದು ಕ್ಷೇತ್ರಕ್ಕೆ 14 ಮೇಜು, ಮತಗಟ್ಟೆಗಳನ್ನು ಕ್ರಮಸಂಖ್ಯೆಯ ಪ್ರಕಾರ ಎಣಿಸುತ್ತಾರೆ. ಮೊದಲ ಮೂರ್ನಾಲ್ಕು ಸುತ್ತು ಎಂದರೆ ಕ್ಷೇತ್ರದ ಒಂದು ಮೂಲೆಯ ಹೋಬಳಿ ಅಷ್ಟೇ. ಬೆಳಿಗ್ಗೆ ಒಂಬತ್ತೂವರೆಗೆ ‘ಎಕ್ಸಿಟ್ ಪೋಲ್ ನಿಜವಾಯಿತು’ ಎಂದು ಕೂಗುವ ವಾಹಿನಿಯನ್ನು ಹನ್ನೆರಡರವರೆಗೆ ಮ್ಯೂಟ್ ಮಾಡಿಡಬಹುದು. ಚುನಾವಣಾ ಆಯೋಗದ ಫಲಿತಾಂಶದ ಜಾಲತಾಣದಲ್ಲಿ ಪಕ್ಷವಾರು ಮತಪಾಲು ಆಗಾಗ ಬದಲಾಗುತ್ತಾ ಬರುತ್ತದೆ. ನೀವು ಬರೆದಿಟ್ಟುಕೊಂಡದ್ದನ್ನು ಹೋಲಿಸಬೇಕಾದದ್ದು ಅದರ ಜೊತೆ.

ಇನ್ನೂ ಆಳಕ್ಕೆ ಇಳಿಯುವ ತಾಳ್ಮೆ ಇದ್ದವರಿಗೆ ಫಾರಂ 20 ಇದೆ. ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತ ಎಷ್ಟೆಂದು ತೋರಿಸುವ ಈ ಪಟ್ಟಿಯನ್ನು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ಸಮೀಕ್ಷಾ ಸಂಸ್ಥೆಯೊಂದು ತಾನು ಹೋದ ಮತಗಟ್ಟೆಗಳ ಪಟ್ಟಿ ಕೊಟ್ಟರೆ, ಅದರ ಅಂಕಿಯನ್ನೂ ಅಲ್ಲಿ ನಿಜಕ್ಕೂ ಬಿದ್ದ ಮತವನ್ನೂ ಅಕ್ಕಪಕ್ಕ ಇಟ್ಟು ತಪ್ಪು ಎಲ್ಲಾಯಿತು ಎಂದು ನೋಡಬಹುದು: ಜನ ಸುಳ್ಳು ಹೇಳಿದರೇ, ಹುಡುಗರು ಫಾರಂ ತುಂಬಿಕೊಂಡರೇ, ಅಥವಾ ಎಲ್ಲ ಸರಿಯಾಗಿದ್ದು ಸೀಟಿನ ಲೆಕ್ಕದಲ್ಲಿ ಎಡವಿದರೇ. ಮತಗಟ್ಟೆಗಳ ಪಟ್ಟಿಯನ್ನು ಟಿವಿಗೆ ಸಮೀಕ್ಷೆ ಮಾರುವವರು ಕೊಡುವ ರೂಢಿ ಇಲ್ಲ. ಕೊಡುವವರು ಬಂದ ದಿನ ಈ ಸರಕಿಗೆ ನಾವು ಕೊಡುವ ಅಂಕವನ್ನು ಐದರಲ್ಲಿ ಎರಡೂವರೆಯಿಂದ ನಾಲ್ಕಕ್ಕೆ ಏರಿಸಲು ತಯಾರಿದ್ದೇವೆ.